ತುಂಬಿದ ಲಗೇಜಿನ ಗಾಡಿ ಸೈಡ್ ಸ್ಟ್ಯಾಂಡಿನಲ್ಲಿದ್ದಾಗ ಬಲಕ್ಕೆ ಉರುಳಿದ್ದು ಏಕೆ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನನ್ನದು ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650. ಗಾಡಿಯ ತೂಕವೇ 241 ಕಿಲೋ, ಅದರ ಮೇಲೆ ಎರಡು ಸೈಡ್ ಬಾಕ್ಸ್ ಮತ್ತು ಹಿಂದಿನ ಕ್ಯಾರಿಯರಿಗೆ ಬಿಗಿದ ಚೀಲ. ಕಳೆದ ತಿಂಗಳು ನಾನು ಮತ್ತು ನನ್ನ ಹೆಂಡತಿ ಬೆಂಗಳೂರಿನಿಂದ ಶಿವಮೊಗ್ಗ, ತೀರ್ಥಹಳ್ಳಿ ಮಾರ್ಗವಾಗಿ ಆಗುಂಬೆಗೆ ಹೊರಟಿದ್ದೆವು. ತೀರ್ಥಹಳ್ಳಿ ದಾಟಿದ ಮೇಲೆ ರಸ್ತೆಯ ಬಲಬದಿಯಲ್ಲಿ ಒಂದು ಚಹಾದಂಗಡಿ ಕಂಡಿತು. ರಸ್ತೆ ದಾಟಿ, ಗಾಡಿಯನ್ನು ಆಗುಂಬೆಯ ಕಡೆಗೇ ಮುಖ ಮಾಡಿ ಡಾಂಬರಿನ ಅಂಚಿನಲ್ಲಿ ನಿಲ್ಲಿಸಿ, ಸೈಡ್ ಸ್ಟ್ಯಾಂಡ್ ಹಾಕಿದೆ. ಚಹಾ ಕುಡಿದು ಬಂದ ಮೇಲೆ ಅವಳು ರೈನ್‌ಕೋಟಿಗಾಗಿ ಬಲಗಡೆಯ ಬಾಕ್ಸಿನ ಮುಚ್ಚಳ ತೆರೆದು ಒಳಗಿನ ಚೀಲವನ್ನು ತುಸು ಎಳೆದಳು, ಅಷ್ಟೇ. ಗಾಡಿ ನಿಧಾನವಾಗಿ ನೆಟ್ಟಗಾಗಿ, ಒಂದು ಕ್ಷಣ ಹಾಗೆಯೇ ನಿಂತು, ಅವಳ ಕಡೆಗೇ ಉರುಳಿತು. ಅವಳು ಥಟ್ಟನೆ ಹಿಂದೆ ಸರಿದದ್ದರಿಂದ ಕಾಲು ಉಳಿಯಿತು. ಬ್ರೇಕ್ ಲಿವರ್ ಬಾಗಿತು, ಸೈಲೆನ್ಸರ್ ಗೀಚಿಹೋಯಿತು.

ಸ್ಟ್ಯಾಂಡ್ ಇರುವುದು ಎಡಕ್ಕೆ, ಬಿದ್ದದ್ದು ಬಲಕ್ಕೆ ಎಂಬುದೇ ನನಗೆ ಬಗೆಹರಿಯದ ಸಂಗತಿ. ಸ್ಟ್ಯಾಂಡ್ ಉದ್ದವಾಯಿತು, ಅರ್ಧ ಇಂಚು ಕತ್ತರಿಸಿ ಬೆಸುಗೆ ಹಾಕಿಕೊಡುತ್ತೇನೆ ಎಂದು ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಯವರು ಹೇಳುತ್ತಿದ್ದಾರೆ. ಕತ್ತರಿಸಲೇ?

ಹಳೇ ಸ್ಪಾನರ್:
ದಯವಿಟ್ಟು ಕತ್ತರಿಸಬೇಡಿ. ನೀವು ಬರೆದ ವಿವರದಲ್ಲಿಯೇ ಉತ್ತರವಿದೆ, ತಪ್ಪು ಸ್ಟ್ಯಾಂಡಿನದಲ್ಲ.

ಮಳೆನೀರು ಹರಿದುಹೋಗಲೆಂದು ನಮ್ಮ ರಸ್ತೆಗಳ ನಡುಭಾಗವನ್ನು ಎತ್ತರಿಸಿ, ಎರಡೂ ಅಂಚುಗಳನ್ನು ಇಳಿಜಾರಾಗಿ ಬಿಟ್ಟಿರುತ್ತಾರೆ. ಎಡ ಅಂಚಿನಲ್ಲಿ ಗಾಡಿ ನಿಲ್ಲಿಸಿದರೆ ಎಡಭಾಗವೇ ತಗ್ಗು, ಆದ್ದರಿಂದ ಗಾಡಿ ಸ್ಟ್ಯಾಂಡಿನ ಮೇಲೆ ಚೆನ್ನಾಗಿ ಒರಗುತ್ತದೆ. ನೀವು ಮುಖ ತಿರುಗಿಸದೆ ಬಲ ಅಂಚಿಗೆ ಹೋದಿರಿ. ಅಲ್ಲಿ ಸ್ಟ್ಯಾಂಡಿನ ಪಾದ ಊರಿದ್ದು ರಸ್ತೆಯ ಎತ್ತರದ ಕಡೆಗೆ, ಗಾಡಿಯ ಬಲಮಗ್ಗುಲು ಚರಂಡಿಯ ಕಡೆಗೆ. ಒರಗಬೇಕಾದ ಗಾಡಿ ಬಹುಮಟ್ಟಿಗೆ ನೆಟ್ಟಗೆ ನಿಂತಿತು.

ಇದಕ್ಕೆ ಲಗೇಜು ಕೂಡಿಕೊಂಡಿತು. ಭಾರ ಹೇರಿದಾಗ ಸಸ್ಪೆನ್ಷನ್ ಕುಗ್ಗಿ ಗಾಡಿಯ ಮೈ ನೆಲಕ್ಕೆ ಹತ್ತಿರವಾಗುತ್ತದೆ, ಆದರೆ ಸ್ಟ್ಯಾಂಡಿನ ಉದ್ದ ಬದಲಾಗುವುದಿಲ್ಲವಾದ್ದರಿಂದ ಗಾಡಿ ಇನ್ನಷ್ಟು ನೆಟ್ಟಗಾಗುತ್ತದೆ. ಖಾಲಿ ಗಾಡಿಗೆ ಸರಿಯಾಗಿರುವ ಸ್ಟ್ಯಾಂಡ್ ತುಂಬಿದ ಗಾಡಿಗೆ ಉದ್ದವೆನಿಸುವುದು ಹೀಗೆ. ಇವತ್ತು ಕತ್ತರಿಸಿದರೆ, ನಾಳೆ ಬಾಕ್ಸು ಬಿಚ್ಚಿಟ್ಟು ಆಫೀಸಿಗೆ ಹೋಗುವಾಗ ಗಾಡಿ ಎಡಕ್ಕೆ ಅತಿಯಾಗಿ ವಾಲುತ್ತದೆ, ಎತ್ತಿ ನಿಲ್ಲಿಸುವಾಗಲೆಲ್ಲ ಸೊಂಟಕ್ಕೆ ಪೆಟ್ಟು. ಅದರ ಬದಲು ಪ್ರವಾಸಕ್ಕೆ ಹೊರಡುವ ಮುನ್ನ ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗನ್ನು ಭಾರಕ್ಕೆ ತಕ್ಕಂತೆ ಬಿಗಿ ಮಾಡಿಸಿ. ಹಿಂಭಾಗ ಮೇಲೇಳುತ್ತದೆ, ಒರಗು ಮರಳಿ ಬರುತ್ತದೆ, ಓಡಿಸುವಾಗಲೂ ಒಳ್ಳೆಯದು. ನಂಬಿಕೆ ಬರದಿದ್ದರೆ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಮೊಬೈಲಿನ ಲೆವೆಲ್ ಆ್ಯಪ್ ತೆರೆದು ಹಿಂದಿನ ನಂಬರ್ ಪ್ಲೇಟಿಗೆ ಒತ್ತಿ ಹಿಡಿದು, ಲಗೇಜು ಹೇರಿ ಒಮ್ಮೆ, ಇಳಿಸಿ ಒಮ್ಮೆ ಕೋನ ನೋಡಿ.

ಅಂದು ಹ್ಯಾಂಡಲ್ ಯಾವ ಕಡೆ ತಿರುಗಿತ್ತು? ಗೇರಿನಲ್ಲಿತ್ತೇ?

ತುಂಗಾತೀರ:
ಧನ್ಯವಾದ ಸರ್. ಚರಂಡಿ ಬಲಕ್ಕೇ ಇತ್ತು, ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹ್ಯಾಂಡಲ್ ನೇರವಾಗಿತ್ತು, ಗಾಡಿ ನ್ಯೂಟ್ರಲ್‌ನಲ್ಲಿತ್ತು.

ಘಟ್ಟದ ಗಾಲಿ:
ನ್ಯೂಟ್ರಲ್‌ನಲ್ಲಿ ಬಿಟ್ಟದ್ದು ಈ ಸಲದ ಕಾರಣವಲ್ಲದಿದ್ದರೂ ಮುಂದೊಂದು ದಿನ ಕಾರಣವಾಗುತ್ತದೆ. ಸೈಡ್ ಸ್ಟ್ಯಾಂಡ್ ಮುಂದಕ್ಕೆ ಚಾಚಿ ತೆರೆದುಕೊಳ್ಳುತ್ತದೆ, ಹಿಂದಕ್ಕೆ ಮಡಚಿಕೊಳ್ಳುತ್ತದೆ. ಗಾಡಿ ಒಂದಿಷ್ಟು ಮುಂದಕ್ಕೆ ಉರುಳಿದರೂ ಸ್ಟ್ಯಾಂಡ್ ತಾನಾಗಿ ಮಡಚಿಕೊಂಡು ಗಾಡಿ ಎಡಕ್ಕೆ ಕುಸಿಯುತ್ತದೆ. ಅದೇ ಹಿಂದಕ್ಕೆ ಉರುಳಿದರೆ ಸ್ಟ್ಯಾಂಡ್ ತನ್ನ ತಡೆಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಆದ್ದರಿಂದ ಇಳಿಜಾರಿನಲ್ಲಿ ಮುಖ ಯಾವಾಗಲೂ ಏರಿನ ಕಡೆಗಿರಲಿ, ಸಾಧ್ಯವಾದರೆ ಹಿಂದಿನ ಗಾಲಿ ಕಲ್ಲಿಗೋ ಕಟ್ಟೆಗೋ ತಾಗಿರಲಿ. ಹೊರಡುವಾಗ ಗಾಡಿಯನ್ನು ಹಿಮ್ಮುಖವಾಗಿ ಏರಿಗೆ ತಳ್ಳುವ ಪಾಡೂ ತಪ್ಪುತ್ತದೆ.

ನನ್ನ ರೂಢಿ ಹೀಗಿದೆ: ಮೊದಲ ಗೇರಿನಲ್ಲಿ ಕ್ಲಚ್ ಹಿಡಿದುಕೊಂಡೇ ಸ್ಟ್ಯಾಂಡ್ ಹಾಕುತ್ತೇನೆ. ಸ್ಟ್ಯಾಂಡಿನ ಸ್ವಿಚ್ಚು ತಾನೇ ಎಂಜಿನ್ ನಿಲ್ಲಿಸುವುದರಿಂದ ಸ್ವಿಚ್ಚು ಕೆಲಸ ಮಾಡುತ್ತಿದೆ ಎಂಬುದೂ, ಗಾಡಿ ಗೇರಿನಲ್ಲಿದೆ ಎಂಬುದೂ ಒಟ್ಟಿಗೇ ಗೊತ್ತಾಗುತ್ತದೆ. ಆಮೇಲೆ ಕ್ಲಚ್ ಬಿಟ್ಟು, ಗೇರು ಹಲ್ಲು ಕಚ್ಚುವವರೆಗೆ ಗಾಡಿಯನ್ನು ಮೆಲ್ಲಗೆ ಹಿಂದಕ್ಕೆ ಬಿಡುತ್ತೇನೆ. 'ಟಕ್' ಎಂದು ನಿಂತಿತೆಂದರೆ ಅದು ಇನ್ನು ಕದಲುವುದಿಲ್ಲ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿ ಲಾಕ್ ಮಾಡುತ್ತೇನೆ. ಬಲಕ್ಕೆ ತಿರುಗಿಸಿದರೆ ಸ್ಥಿರತೆ ಕುಗ್ಗಿ ಗಾಡಿ ಬೀಳಬಹುದೆಂದು ಹೋಂಡಾ ಕಂಪನಿಯ ಕೈಪಿಡಿಗಳಲ್ಲಿಯೇ ಬರೆದಿದೆ.

ಒಂದು ಅಪವಾದವಿದೆ. ಡಿಸಿಟಿ (ಕ್ಲಚ್ ಲಿವರ್ ಇಲ್ಲದ ಸ್ವಯಂಚಾಲಿತ ಗೇರು) ಇರುವ ಹೋಂಡಾದ ಗೋಲ್ಡ್ ವಿಂಗ್, ಆಫ್ರಿಕಾ ಟ್ವಿನ್ ಗಾಡಿಗಳು ಎಂಜಿನ್ ಆರಿಸಿದ ಕೂಡಲೇ ನ್ಯೂಟ್ರಲ್‌ಗೆ ಬರುತ್ತವೆ, ಅವುಗಳಿಗೆಂದೇ ಪಾರ್ಕಿಂಗ್ ಬ್ರೇಕ್ ಕೊಟ್ಟಿದ್ದಾರೆ.

ಸೆಂಟರ್ ಸ್ಟ್ಯಾಂಡ್ ಪಕ್ಷ:
ಇಷ್ಟೆಲ್ಲ ಲೆಕ್ಕ ಹಾಕುವ ಬದಲು ಸೆಂಟರ್ ಸ್ಟ್ಯಾಂಡ್ ಹಾಕಿಸಿಕೊಂಡರೆ ಆಗದೇ?

ಹಳೇ ಸ್ಪಾನರ್:
ಸಮತಟ್ಟಾದ ಗಟ್ಟಿ ನೆಲದಲ್ಲಿ ಆಗುತ್ತದೆ. ಆದರೆ ಲಗೇಜು ತುಂಬಿದ ಗಾಡಿಯನ್ನು ಇಳಿಜಾರಿನಲ್ಲಿ ಸೆಂಟರ್ ಸ್ಟ್ಯಾಂಡಿಗೆ ಏರಿಸಲು ಹೋಗಿ ಬೀಳಿಸಿದವರನ್ನು ನಾನು ಕಂಡಿದ್ದೇನೆ. ಮುಖ ಇಳಿಜಾರಿಗಿದ್ದರೆ ಅದೂ ಮುಂದಕ್ಕೆ ಜಾರಿ ಇಳಿದುಬಿಡುತ್ತದೆ. ದಾರಿಯಲ್ಲಿ ಚಹಾಕ್ಕೆ ನಿಲ್ಲುವವನಿಗೆ ಸೈಡ್ ಸ್ಟ್ಯಾಂಡೇ ಗತಿ.

ಶರಾವತಿ ಹಿನ್ನೀರು:
ಯಾರೂ ನೆಲದ ಮಾತೆತ್ತಲಿಲ್ಲ. ಮಲೆನಾಡಿನ ಕೆಂಪು ಮಣ್ಣು ಒಂದು ಮಳೆ ಬಿದ್ದರೆ ಸ್ಟ್ಯಾಂಡಿನ ಪಾದವನ್ನು ಸದ್ದಿಲ್ಲದೆ ನುಂಗುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ಹೊಸ ಡಾಂಬರೂ ಅಷ್ಟೇ. ನಿಲ್ಲಿಸಿದಾಗ ಏನೂ ಕಾಣುವುದಿಲ್ಲ, ಅರ್ಧ ಗಂಟೆಯ ನಂತರ ಗಾಡಿ ಎಡಕ್ಕೆ ಮಲಗಿರುತ್ತದೆ. ನಾನು ಅಂಗೈ ಅಗಲದ ಹಲಗೆಯ ತುಂಡಿಗೆ ಒಂದು ತೂತು ಕೊರೆದು, ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಹ್ಯಾಂಡಲಿಗೆ ಸುತ್ತಿಡುತ್ತೇನೆ. ಗಾಡಿ ಎತ್ತಿದ ಮೇಲೆ ಬಗ್ಗದೆಯೇ ಹಲಗೆಯನ್ನು ಎಳೆದುಕೊಳ್ಳಬಹುದು, ಮರೆತು ಹೋಗುವ ಪ್ರಶ್ನೆಯೂ ಇಲ್ಲ.

ಇನ್ನೊಂದು ಅನುಭವ. ಸೇತುವೆ ಆಗುವ ಮುನ್ನ ಸಿಗಂದೂರಿಗೆ ಲಾಂಚಿನಲ್ಲಿ ದಾಟುವಾಗ, ಒದ್ದೆಯಾದ ಕಬ್ಬಿಣದ ನೆಲದ ಮೇಲೆ ಸ್ಟ್ಯಾಂಡ್ ಜಾರುವುದನ್ನು ಕಣ್ಣಾರೆ ಕಂಡೆ. ಅಂದಿನಿಂದ ಅಂತಹ ಕಡೆ ಗಾಡಿಯನ್ನು ಗೇರಿನಲ್ಲಿಟ್ಟು, ಮುಂದಿನ ಬ್ರೇಕ್ ಲಿವರನ್ನು ಟ್ಯೂಬಿನ ಪಟ್ಟಿಯಿಂದ ಬಿಗಿದು, ಪಕ್ಕದಲ್ಲಿಯೇ ನಿಲ್ಲುತ್ತೇನೆ. ನಯವಾದ ಟೈಲ್ಸಿನ ಬೇಸ್‌ಮೆಂಟಿನಲ್ಲಿ ನಿಲ್ಲಿಸುವವರಿಗೂ ಇದು ಅನ್ವಯಿಸುತ್ತದೆ.

ಘಟ್ಟದ ಗಾಲಿ:
ತುಂಗಾತೀರ ಅವರೇ, ಬಲಕ್ಕೆ ಬಿದ್ದ ಗಾಡಿಯನ್ನು ಎತ್ತುವ ಮೊದಲು ಸೈಡ್ ಸ್ಟ್ಯಾಂಡನ್ನು ಕಾಲಿನಿಂದ ತೆರೆದಿಟ್ಟು, ಗೇರಿನಲ್ಲಿಡಿ. ಇಲ್ಲವಾದರೆ ಎತ್ತಿದ ರಭಸಕ್ಕೆ ಅದು ಎಡಕ್ಕೆ ಮಗುಚಿಕೊಳ್ಳುತ್ತದೆ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕುಳಿತು, ಕಾಲಿನ ಬಲದಿಂದ ಸಣ್ಣ ಹೆಜ್ಜೆಗಳಲ್ಲಿ ಹಿಂದಕ್ಕೆ ತಳ್ಳುತ್ತ ಎತ್ತಬೇಕೇ ಹೊರತು ಮುಂದೆ ಬಗ್ಗಿ ಎಳೆಯಬಾರದು.

ತುಂಗಾತೀರ:
ನಿನ್ನೆ ಮನೆಯ ಮುಂದೆ ಲಗೇಜು ಹೇರಿ, ನಂಬರ್ ಪ್ಲೇಟಿಗೆ ಮೊಬೈಲ್ ಹಿಡಿದು ನೋಡಿದೆ. ಹೇರಿದಾಗ ಗಾಡಿ ಖಾಲಿಯಿದ್ದಾಗಿನದಕ್ಕಿಂತ ಸ್ಪಷ್ಟವಾಗಿ ನೆಟ್ಟಗಿತ್ತು. ಸ್ಪ್ರಿಂಗ್ ಬಿಗಿ ಮಾಡಿಸಿದ ಮೇಲೆ ಒರಗು ಬಹುಮಟ್ಟಿಗೆ ಮರಳಿತು. ರೈನ್‌ಕೋಟನ್ನು ಎಡಗಡೆಯ ಬಾಕ್ಸಿಗೆ ವರ್ಗಾಯಿಸಿದ್ದೇವೆ, ವೆಲ್ಡಿಂಗ್ ಅಂಗಡಿಯವರಿಗೆ ಬೇಡವೆಂದು ಹೇಳಿ ಬಂದೆ.