ಸಹಾಯ ಬೇಕು: ಸೋರ್ಸಿಂದ ಬಿಲ್ಡ್ ಮಾಡುವಾಗ ಶೆಲ್ ಸ್ಕ್ರಿಪ್ಟ್ ಕೈಕೊಡ್ತಾ ಉಂಟು

ಲಿನಕ್ಸ್ ಗೊತ್ತಿದ್ದವರು ಯಾರಾದ್ರೂ ಇದ್ದೀರಾ? ನಾನು ಬದಿಯಡ್ಕ ಕಡೆಯವ. ಇಲ್ಲಿ ಒಂದು ಶಾಲೆಯ ಲ್ಯಾಬಿಗೆ ಹಳೇ ಡಿಕ್ಷನರಿ ಪ್ರೋಗ್ರಾಮ್ ಒಂದನ್ನು ಸೋರ್ಸಿಂದ ಬಿಲ್ಡ್ ಮಾಡಿ ಪ್ಯಾಕೇಜ್ ಮಾಡ್ಬೇಕು ಅಂತ ಹೊರಟದ್ದು, ಕೇರಳದ ಶಾಲೆಗಳಲ್ಲಿ ಇರುದು ಕೈಟಿನವರ (ಶಾಲೆಗಳ ಐಟಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಉಬುಂಟು ಲಿನಕ್ಸ್ ಅಲ್ವಾ, ಅದ್ರಲ್ಲಿ ಬಿಲ್ಡಿನ ಮೊದಲ ಹಂತ ಕಾನ್ಫಿಗರ್ ಚಂದಕ್ಕೆ ಮುಗೀತದೆ, ನಂತರ ಬಿಲ್ಡ್ ಮಾಡುವ ಮೇಕ್ ಕಮಾಂಡ್ ಕೊಟ್ರೆ ಅರ್ಧದಲ್ಲಿ "ಸಿಂಟ್ಯಾಕ್ಸ್ ಎರರ್, ಬ್ರಾಕೆಟ್ ಅನ್‌ಎಕ್ಸ್‌ಪೆಕ್ಟೆಡ್" ಅಂತ ಹೇಳಿ ನಿಲ್ತದೆ.

ಕಾರಣ ಗೊತ್ತಾಯ್ತು. ಮೇಕ್ ಕರೆಯುವ ಸ್ಕ್ರಿಪ್ಟನ್ನು ಯಾವ ಶೆಲ್ (ಕಮಾಂಡ್ ಓದಿ ಓಡಿಸುವ ಪ್ರೋಗ್ರಾಮ್) ಓಡಿಸ್ಬೇಕು ಅಂತ ಹೇಳುವ ಮೊದಲ ಸಾಲಲ್ಲಿ ಬಿನ್ ಎಸ್‌ಎಚ್ ಅಂತ ಉಂಟು, ಒಳಗೆ ಬರೆದದ್ದೆಲ್ಲ ಬ್ಯಾಷ್ ಅನ್ನುವ ಶೆಲ್ಲಿಂದು, ಅರೇ (ಒಂದೇ ಹೆಸರಲ್ಲಿ ಇಡುವ ಪಟ್ಟಿ) ಉಂಟು, ಜೋಡಿ ಚೌಕ ಬ್ರಾಕೆಟ್ ಉಂಟು, ಉಬುಂಟುವಲ್ಲಿ 2006ರಿಂದಲೇ ಎಸ್‌ಎಚ್ ಅಂದ್ರೆ ಡ್ಯಾಷ್ ಅನ್ನುವ ಬೇರೆ ಚಿಕ್ಕ ಶೆಲ್, ಅದಕ್ಕೆ ಇದೆಲ್ಲ ಅರ್ಥ ಆಗುದಿಲ್ಲ. ಬರೆದವರ ಮೆಷಿನಲ್ಲಿ ಓಡಿರಬೇಕು, ನಮ್ಗೆ ಗ್ರಾಚಾರ.

ಮೇಕಿಗೆ ಶೆಲ್ ಈಕ್ವಲ್ ಬ್ಯಾಷ್ ಅಂತ ಕೊಟ್ಟು ನೋಡಿದೆ, ಮೇಕ್‌ಫೈಲಿನ ಸಾಲುಗಳು ಮಾತ್ರ ಬ್ಯಾಷಲ್ಲಿ ಓಡ್ತವೆ, ಅದು ಕರೆಯುವ ಸ್ಕ್ರಿಪ್ಟ್ ಪುನಃ ಮೊದಲ ಸಾಲು ನೋಡಿ ಡ್ಯಾಷಿಗೇ ಹೋಗ್ತದೆ. ಇಡೀ ಸಿಸ್ಟಮಿನ ಎಸ್‌ಎಚ್ ಬದಲಿಸಿ ಅಂತ ಒಬ್ರು ಹೇಳಿದ್ರು, ಶಾಲೆ ಕಂಪ್ಯೂಟರಿಗೆ ಅದು ಬೇಡ ಮಾರಾಯ್ರೆ.

ಈಗ ಕೇಳುದು, ಮೊದಲ ಸಾಲನ್ನು ಬ್ಯಾಷ್ ಮಾಡಿ ಪ್ಯಾಚ್ ಹಾಕಿದ್ರೆ ಸಾಕಾ, ಅಲ್ಲ ಪೋಸಿಕ್ಸಿಗೆ (ಇಂಥ ಶೆಲ್ಲುಗಳಿಗೆಲ್ಲ ಸಾಮಾನ್ಯವಾದ ನಿಯಮ) ಸರಿಯಾಗಿ ತಿದ್ದಿ ಬರೀಬೇಕಾ? ಭಾವ ಇದನ್ನೇ ಮ್ಯಾಕಲ್ಲಿ ಬಿಲ್ಡ್ ಮಾಡ್ಲಿಕ್ಕೆ ನೋಡ್ತಿದ್ದಾರೆ, ಅಲ್ಲಿ ಫೈಲಿನ ಸಾಲು ತಿದ್ದುವ ಸೆಡ್ ಕಮಾಂಡಿನ ಐ ಆಪ್ಷನ್ ತಕರಾರು ಇತ್ತು, ಐಗೆ ಡಾಟ್ ಬ್ಯಾಕ್ ಅಂತ ಅಂಟಿಸಿ ಬರೆದ್ರೆ ಎರಡೂ ಕಡೆ ನಡೀತದೆ, ಅದೊಂದು ಬಗೆಹರೀತು. ಆದ್ರೆ ಅರೇಯ ಬದಲಿಗೆ ಡ್ಯಾಷಲ್ಲಿ ಎಂತ ಬಳಸುದು? ಫೈಲ್ ಹೆಸರಲ್ಲಿ ಸ್ಪೇಸ್ ಬೇರೆ ಉಂಟು. ಚೆಕ್‌ಬ್ಯಾಷಿಸಮ್ಸ್ ಅಂತ ಬ್ಯಾಷಲ್ಲಿ ಮಾತ್ರ ನಡೆಯುವ ಬರಹ ಹುಡುಕುವ ಟೂಲ್ ಉಂಟಲ್ಲ, ಅದನ್ನು ಓಡಿಸಿ ನೋಡಿದವರು ಇದ್ರೆ, ಅದು ಎಲ್ಲ ಹಿಡೀತದಾ ಹೇಳಿ.