ನಾಯಿಗೂ ಚಪ್ಪಲಿಯಾ?

ಅಕ್ಕಾ, ಮಗನಿಗೆ ಜೊತೆಗೊಂದು ನಾಯಿ ತರಬಹುದಾ, ಇಲ್ಲಿನ ಚಳಿಯಲ್ಲಿ ಅದನ್ನು ಹೊರಗೆ ಕರೆದುಕೊಂಡು ಹೋಗುವುದು ಹೇಗೆ ಎಂದು ಕೇಳಿದ್ದೀರಿ. ನೀವು ಕಾಸರಗೋಡಿನ ಕುಂಬಳೆಯಿಂದ ಕೆನಡಾದ ವಿನ್ನಿಪೆಗ್‌ಗೆ ಬಂದದ್ದು ಮೇ ತಿಂಗಳಲ್ಲಿ ಅಲ್ಲವಾ? ಹಾಗಾದರೆ ಚಳಿ ಇನ್ನೂ ನೋಡಿಲ್ಲ. ನಮ್ಮ ಪೆರ್ಲದಲ್ಲಿ ಮಕರ ತಿಂಗಳ ಬೆಳಗ್ಗೆ ಅಡಿಕೆ ಸೋಗೆ ಉರಿಸಿ ಚಳಿ ಕಾಯಿಸುತ್ತಿದ್ದೆವಲ್ಲ, ಅದನ್ನು ನೆನೆದರೆ ಈಗ ನಗು ಬರುತ್ತದೆ. ಇಲ್ಲಿ ಜನವರಿಯಲ್ಲಿ ಮೈನಸ್ 20 ಎಂದರೆ ಮಾಮೂಲು. ಗಾಳಿ ಸೇರಿ ಮೈನಸ್ 40ರ ಹಾಗೆ ಕೊರೆಯುವ ದಿನಗಳೂ ಉಂಟು.

ಊರಿನಲ್ಲಿ ನಾಯಿಯನ್ನು ವಾಕಿಂಗ್ ಕರೆದುಕೊಂಡು ಹೋದವರನ್ನು ನಾನು ಕಂಡಿಲ್ಲ. ಹಗಲು ಹಟ್ಟಿಯ ಹತ್ತಿರ ಸಂಕೋಲೆ, ರಾತ್ರಿ ಬಿಟ್ಟರೆ ಅಂಗಳದ ಅಡಿಕೆಗೆ ಕಾವಲು, ಮಿಕ್ಕದ್ದೆಲ್ಲ ಅದರದೇ ಕಾರುಬಾರು. ಇಲ್ಲಿ ಎಷ್ಟೇ ಚಳಿ ಇರಲಿ, ದಿನಕ್ಕೆ ಮೂರು ಸಲ ಅದರ ಜೊತೆ ಯಾರಾದರೂ ಹೊರಬೀಳಲೇಬೇಕು. "ನಾನೇ ಕರೆದುಕೊಂಡು ಹೋಗ್ತೇನೆ" ಎಂದು ಮಕ್ಕಳು ಆಣೆ ಹಾಕುತ್ತಾರೆ. ಆ ಆಣೆಯ ಆಯುಷ್ಯ ಅಕ್ಟೋಬರ್‌ವರೆಗೆ.

ನಮ್ಮ ನಾಯಿ ಬೊಗ್ಗುವಿನ ಮೊದಲ ಡಿಸೆಂಬರ್. ಸಂಜೆ ಐದಕ್ಕೇ ಕತ್ತಲೆ. ಎರಡು ಬೀದಿ ದಾಟುವಷ್ಟರಲ್ಲಿ ಅವನು ನಿಂತುಬಿಟ್ಟ. ಹಟ ಮಾಡುತ್ತಿದ್ದಾನೆ ಎಂದುಕೊಂಡು ನಾನು ಹಗ್ಗ ಎಳೆದೆ. ಆಗ ಏಳು ವರ್ಷದವಳಾಗಿದ್ದ ಮಗಳು, "ಅಪ್ಪಾ, ಅವ ಕಾಲು ಬದಲಾಯಿಸ್ತಾ ಇದ್ದಾನೆ" ಎಂದಳು. ನೋಡಿದರೆ ಹೌದು. ಮುಂದಿನ ಬಲಗಾಲು ಎತ್ತುವುದು, ಅದನ್ನು ಊರಿ ಹಿಂದಿನ ಎಡಗಾಲು ಎತ್ತುವುದು, ಕಾದ ಕಾವಲಿಯ ಮೇಲೆ ನಿಲ್ಲಿಸಿದ ಹಾಗೆ. ಬೆರಳ ಸಂದಿಯ ಕೂದಲಿಗೆ ಹಿಮ ಅಂಟಿ, ಕಡಲೆಯಷ್ಟು ದಪ್ಪದ ಮಂಜುಗಡ್ಡೆಗಳಾಗಿ ಕೂತಿದ್ದವು. ಕೈಗವಸು ತೆಗೆದು ಎರಡನ್ನು ಕರಗಿಸುವಾಗಲೇ ನನ್ನ ಬೆರಳು ನನ್ನದಲ್ಲ. ಕೊನೆಗೆ 22 ಕಿಲೋದ ನಾಯಿಯನ್ನು ಅಡಿಕೆ ಗೋಣಿಯ ಹಾಗೆ ಹೆಗಲಿಗೇರಿಸಿಕೊಂಡು ಮನೆಗೆ ಬಂದೆ.

ಬಂದವನೇ ಬಿಸಿನೀರಿನಲ್ಲಿ ಅದರ ಕಾಲು ಅದ್ದಲು ಹೊರಟೆ. ಪಕ್ಕದ ಮನೆಯ ಉಕ್ರೇನಿಯನ್ ಅಜ್ಜಿ ಗದರಿಸಿ ತಡೆದರು. ಮರಗಟ್ಟಿದ ಚರ್ಮಕ್ಕೆ ಸುಡುನೀರು ಬೇಡ, ಉಜ್ಜಲೂ ಬಾರದು. ಉಗುರುಬೆಚ್ಚಗಿನ ನೀರು, ಒಣಬಟ್ಟೆ. ಕಿವಿಯ ತುದಿ, ಬಾಲದ ತುದಿ, ಪಾದ ಬಿಳಿಚಿಕೊಂಡು ಗಟ್ಟಿಯಾಗಿದ್ದರೆ ಡಾಕ್ಟರ ಹತ್ತಿರ ಹೋಗಿ. ನಡುಗುತ್ತಿದ್ದ ನಾಯಿ ನಡುಕ ನಿಲ್ಲಿಸಿ ಮಂಕಾದರೆ ಸುಧಾರಿಸಿತು ಎಂದುಕೊಳ್ಳಬೇಡಿ, ಮೈಯ ಬಿಸಿ ಇಳಿಯುತ್ತಿದೆ ಎಂದರ್ಥ. ಆಗ ಕಾಯುವ ಹಾಗೇ ಇಲ್ಲ.

ಮಂಜುಗಡ್ಡೆ ಕರಗಲಿ ಎಂದು ಕಾಲುದಾರಿಯಲ್ಲಿ ಉಪ್ಪು ಎರಚುತ್ತಾರೆ. ಬಿರಿದ ಪಾದಕ್ಕೆ ಅದು ಉರಿ. ನಾಯಿ ನೆಕ್ಕಿದರೆ ವಾಂತಿ. ಹಾಗಾಗಿ ಪ್ರತಿಸಲ ಪಾದ ತೊಳೆದು ಸಂದಿ ಒರೆಸಲೇಬೇಕು. ಅದಕ್ಕಿಂತ ಕೆಟ್ಟದ್ದು ಗ್ಯಾರೇಜಿನಲ್ಲಿ ಸೋರುವ, ಕಾರಿನ ಎಂಜಿನ್ನಿನ ನೀರು ಹೆಪ್ಪುಗಟ್ಟದಂತೆ ಹಾಕುವ ಆ್ಯಂಟಿಫ್ರೀಜ್. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿ ಆಸೆಯಿಂದ ನೆಕ್ಕುತ್ತದೆ, ಮೂತ್ರಪಿಂಡ ಕೈಕೊಡುತ್ತದೆ. ಸ್ವಲ್ಪವೇ ಸಾಕು ಪ್ರಾಣ ತೆಗೆಯಲು. ಮಕ್ಕಳಿರುವ ಮನೆ, ಡಬ್ಬಿ ಮೇಲಿನ ಕಪಾಟಿನಲ್ಲಿರಲಿ.

ಬೂಟು ತಂದ ದಿನ ಪೆರ್ಲದಿಂದ ವಿಡಿಯೋ ಕಾಲಿನಲ್ಲಿದ್ದ ಅಪ್ಪ, "ನಾಯಿಗೂ ಚಪ್ಪಲಿಯಾ? ನಮಗೆ ಹೈಸ್ಕೂಲಿನವರೆಗೆ ಇರಲಿಲ್ಲ ಮಾರಾಯ" ಎಂದರು. ಬೊಗ್ಗು ಹಾಲ್‌ನಲ್ಲಿ ಕಾಲು ಎತ್ತೆತ್ತಿ ಹಾಕಿದ್ದನ್ನು ನೋಡಿದ್ದರೆ ಕುಂಬಳೆಯವರಾದ ನೀವು ಚೆಂಡೆಗೆ ಹುಡುಕುತ್ತಿದ್ದಿರಿ, ಥೇಟ್ ಯಕ್ಷಗಾನದ ಪುಂಡುವೇಷದ ಪ್ರವೇಶ. ಹಿಮ ಬೀಳುವ ಮೊದಲೇ ಮನೆಯೊಳಗೆ ಅಭ್ಯಾಸ ಮಾಡಿಸಿ. ಬೂಟು ಒಪ್ಪದ ನಾಯಿಗೆ ಪಾದಕ್ಕೆ ಹಚ್ಚುವ ಮೇಣ ಸಿಗುತ್ತದೆ. ಬೆರಳ ಸಂದಿಯ ಕೂದಲು ಕತ್ತರಿಸಿಡಿ.

ನಮ್ಮ ಮನೆಯ ಲೆಕ್ಕ ಹೀಗೆ: ಮೈನಸ್ 10ರವರೆಗೆ ಎಂದಿನಂತೆ. ಅಲ್ಲಿಂದ ಮೈನಸ್ 20ರವರೆಗೆ ಕೋಟು, ಬೂಟು, ಹತ್ತೇ ನಿಮಿಷ. ಅದಕ್ಕೂ ಕೆಳಗಿಳಿದರೆ ಹಿತ್ತಿಲಿಗೆ ಹೋಗಿ ಕೆಲಸ ಮುಗಿಸಿ ಒಳಗೆ. ದಟ್ಟ ಕೂದಲಿನ ಹಸ್ಕಿ ತಳಿಗೆ ಇದು ಲೆಕ್ಕವೇ ಅಲ್ಲ. ತೆಳು ಕೂದಲಿನದಕ್ಕೆ, ಮರಿಗೆ, ಮುದಿ ನಾಯಿಗೆ ಇನ್ನೂ ಕಡಿಮೆ ಮಾಡಿ.

ಮಗನ ಕೈಯಲ್ಲಿ ಹಗ್ಗ ಕೊಡುವಾಗ ಮಣಿಕಟ್ಟಿಗೆ ಸುತ್ತಿಕೊಳ್ಳಲು ಬಿಡಬೇಡಿ. ನಾಯಿ ಅಳಿಲು ಕಂಡು ಹಾರಿದರೆ ಹುಡುಗ ಮಂಜಿನ ಮೇಲೆ ಬೋರಲು. ಇಬ್ಬರಿಗೂ ಬೆಳಕಿಗೆ ಹೊಳೆಯುವ ಪಟ್ಟಿ ಇರಲಿ. ಗಾಳಿ ಸೇರಿ ಮೈನಸ್ 40 ಆದ ದಿನ ಬರಿಯ ಕೆನ್ನೆ ಮರಗಟ್ಟಲು ಐದು-ಹತ್ತು ನಿಮಿಷ ಸಾಕು, ಆಟದ ಭರದಲ್ಲಿ ಮಕ್ಕಳು ಹೇಳುವುದೂ ಇಲ್ಲ. ಹೆಪ್ಪುಗಟ್ಟಿದ ನದಿಯ ಮೇಲೆ, ಅಧಿಕೃತವಾಗಿ ತೆರೆದ ದಾರಿ ಬಿಟ್ಟು ಬೇರೆಲ್ಲೂ ಇಬ್ಬರನ್ನೂ ಬಿಡಬೇಡಿ. ನಾಯಿ ಮುಳುಗಿದರೆ ಮಗು ಹಿಂದೆಯೇ ಧುಮುಕುತ್ತದೆ.

ಇಷ್ಟೆಲ್ಲ ಹೇಳಿಯೂ, ತನ್ನಿ ಎನ್ನುತ್ತೇನೆ. ನಮ್ಮಮ್ಮ ಇಲ್ಲಿ ಆರು ತಿಂಗಳಿದ್ದಾಗ ಬೊಗ್ಗುವನ್ನು ಪಳಗಿಸಿದ್ದು ಕನ್ನಡದಲ್ಲಿ. "ಸಿಟ್" ಎಂದರೆ ಅವನು ಮುಖ ನೋಡುತ್ತಾನೆ, ಅಷ್ಟೆ. ನಮಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗಳು ಬಾಗಿಲ ಬಳಿ ಟವೆಲು ಹಿಡಿದು ಕೂತು, "ಕೂರು. ಕಾಲು ಕೊಡು. ಅದಲ್ಲ, ಆಚೆ ಕಾಲು!" ಎನ್ನುತ್ತಾಳೆ.

ಬೂಟು ಬೇಕಿದ್ದರೆ ಬೊಗ್ಗುವಿನ ಹಳೆಯವು ಮೂರು ಉಂಟು. ನಾಲ್ಕನೆಯದು ಏಪ್ರಿಲಿನಲ್ಲಿ ಹಿಮ ಕರಗಿದ ಮೇಲೆ ಸಿಕ್ಕಿದರೆ ಸಿಕ್ಕಿತು.