ಮಳೆಗಾಲ ಕಳೆದ ಮೇಲೆ ತೋಟದ ಕೆಲಸ ಕಲಿಯಲು ಹೋಗಲೇ?

ಮಡಿಕೇರಿಯಿಂದ ಪ್ರಶ್ನೆ:
ನಾನು ವಿಜಯಪುರದವಳು, ಮದುವೆಯಾಗಿ ಇಲ್ಲಿಗೆ ಬಂದು ವರ್ಷವಾಯಿತು. ನಮ್ಮ ಬಡಾವಣೆಯವರು ಖಾಲಿ ಜಾಗವೊಂದರಲ್ಲಿ ಒಟ್ಟಾಗಿ ತರಕಾರಿ ಬೆಳೆಯುತ್ತಾರೆ. ಶನಿವಾರ ಬಂದು ಕೈಜೋಡಿಸಿದರೆ ಕೆಲಸ ಕಲಿಸುತ್ತೇವೆ ಎಂದಿದ್ದಾರೆ. ನನಗೆ ಗುದ್ದಲಿ ಹಿಡಿಯುವುದೂ ಗೊತ್ತಿಲ್ಲ. ಈಗ ಮೇ ತಿಂಗಳು. ಮಳೆ ಮುಗಿಸಿಕೊಂಡು ಅಕ್ಟೋಬರಿನಲ್ಲಿ ಸೇರಿದರೆ ವಾಸಿಯೇ? ಹೀಗೆ ಕಲಿತವರು ತಿಳಿಸಿ.

ಪೊನ್ನಂಪೇಟೆಯ ನಿವೃತ್ತ ಶಿಕ್ಷಕಿ:
ಈ ಶನಿವಾರವೇ ಹೋಗಿ ತಂಗಿ. ಅಕ್ಟೋಬರಿನಲ್ಲಿ ಸೇರಿ ಒಂದು ವರ್ಷ ಕಳೆದುಕೊಂಡವಳು ನಾನು. ಊರವರು ಸೇರಿ ಮಾಡುತ್ತಿದ್ದ ಶಾಲೆಯ ಕೈತೋಟ ಅದು. ಚಳಿಗಾಲದಲ್ಲಿ ಬೀನ್ಸ್, ಮೂಲಂಗಿ ಸೊಗಸಾಗಿ ಬಂದವು. ನನಗೆ ವಿದ್ಯೆ ಬಂತು ಎಂದುಕೊಂಡೆ. ಜೂನ್ ಕೊನೆಯ ಹೊತ್ತಿಗೆ ನನ್ನ ಪಾತಿಯಲ್ಲಿ ನೀರು ನಿಂತು, ಮೆಣಸಿನ ಸಸಿಗಳೆಲ್ಲ ಬುಡದಲ್ಲಿ ಕೊಳೆತು ಮಲಗಿದವು. ಪಕ್ಕದಲ್ಲಿ ಒಬ್ಬ ಅಜ್ಜಿ ಗೇಣೆತ್ತರಕ್ಕೆ ಮಣ್ಣು ಏರಿಸಿದ್ದ ಮಡಿಯಲ್ಲಿ ಶುಂಠಿ, ಅರಿಶಿನ ನೆಟ್ಟಗೆ ನಿಂತಿದ್ದವು. ನಿಮ್ಮ ಕಡೆ ಪಾತಿ ತೋಡಿ ನೀರು ನಿಲ್ಲಿಸುತ್ತಾರೆ, ಇಲ್ಲಿ ಮಣ್ಣು ಏರಿಸಿ ನೀರು ಬಿಟ್ಟುಕೊಡುತ್ತಾರೆ.

ಅಜ್ಜಿ ನನಗೆ ಎರಡು ಶನಿವಾರ ಬರೀ ಚರಂಡಿ ಬಿಡಿಸುವ ಕೆಲಸ ಕೊಟ್ಟರು. ಮೂವತ್ತು ವರ್ಷ ಪಾಠ ಹೇಳಿದವಳಿಗೆ ಚರಂಡಿಯೇ ಎಂದು ಸಿಟ್ಟು ಬಂದಿತ್ತು. ಮೂರನೆಯ ವಾರ ಜೋರು ಮಳೆ. ಕೊಡೆ ಹಿಡಿದು ನಿಂತು ನೀರು ಎತ್ತ ಓಡುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ಮಣ್ಣು ಕೊಚ್ಚುತ್ತದೆ ಎಂದು ನೋಡಿ ಎಂದರು. ನಾನು ಇಳಿಜಾರಿನ ಉದ್ದಕ್ಕೇ ಮಡಿ ಹಾಕಿದ್ದೆ, ಮೇಲ್ಮಣ್ಣೆಲ್ಲ ಕೆಳಗಿನ ಗದ್ದೆಗೆ ಹೋಗುತ್ತಿತ್ತು. ಮಡಿ ಇಳಿಜಾರಿಗೆ ಅಡ್ಡವಾಗಿರಬೇಕು, ಚರಂಡಿ ಮಾತ್ರ ಸ್ವಲ್ಪ ಓರೆಯಾಗಿರಬೇಕು. ಇದನ್ನು ಬಿಸಿಲಿನಲ್ಲಿ ಯಾರು ಎಷ್ಟು ಹೇಳಿದ್ದರೂ ನನ್ನ ತಲೆಗೆ ಹೋಗುತ್ತಿರಲಿಲ್ಲ.

ಶನಿವಾರಸಂತೆಯಿಂದ:
ಗಮ್‌ಬೂಟ್ ಇರಲಿ, ಇಂಬಳ (ಜಿಗಣೆ) ಬಿಡುವುದಿಲ್ಲ. ನಮ್ಮ ಕಡೆ ಆಫ್ರಿಕನ್ ಬಸವನಹುಳುವಿನ ಕಾಟವೂ ಇದೆ. ಸಂಜೆ ಒದ್ದೆ ಗೋಣಿಚೀಲ ಹಾಸಿಟ್ಟರೆ ಬೆಳಗ್ಗೆ ಅಡಿಯಲ್ಲಿ ಸೇರಿರುತ್ತವೆ, ಆರಿಸಿ ಉಪ್ಪುನೀರಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ.

ಗೋಣಿಕೊಪ್ಪಲಿನ ಕಾಫಿ ಬೆಳೆಗಾರ:
ಟೀಚರ್ ಹೇಳಿದ್ದು ಸರಿ. ಆದರೆ ಇಂಥ ತೋಟದಲ್ಲಿ ಹತ್ತು ಜನ ಹತ್ತು ಮದ್ದು ಹೇಳುತ್ತಾರೆ, ಎಲ್ಲವನ್ನೂ ನಂಬಬೇಡಿ. ಇಲ್ಲಿಯ ಮಳೆಗೆ ಮಣ್ಣಿನ ಸುಣ್ಣದ ಅಂಶ ತೊಳೆದುಹೋಗಿ ಹುಳಿಮಣ್ಣಾಗುತ್ತದೆ, ನಿಜ. ಹಾಗೆಂದು ಬೊಗಸೆ ಲೆಕ್ಕದಲ್ಲಿ ಸುಣ್ಣ ಎರಚುವುದಲ್ಲ. ಮೊದಲು ಮಣ್ಣು ಪರೀಕ್ಷೆ ಆಗಲಿ, ನಮ್ಮೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಕೊಳೆರೋಗ ತಡೆಯಲು ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣ ಮಾಡುವುದನ್ನು ಕಣ್ಣಾರೆ ನೋಡಿ ಕಲಿಯಿರಿ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ ಆಮೇಲೆ ಕೂಡಿಸಬೇಕು. ಉಜ್ಜಿದ ಕಬ್ಬಿಣದ ಚಾಕು ಅದ್ದಿದಾಗ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು ಎಂದರ್ಥ.

ಇನ್ನೊಂದು ಮಾತು. ತರಕಾರಿ ಹಂಚಿಕೊಳ್ಳುವುದು ಹೇಗೆಂದು ಮೊದಲೇ ಕೇಳಿಕೊಳ್ಳಿ. ಕಳೆ ಕೀಳುವ ದಿನ ಕಾಣದವರು ಕೊಯ್ಲಿನ ದಿನ ಚೀಲ ಹಿಡಿದು ಬರುತ್ತಾರೆ. ನಮ್ಮಲ್ಲಿ ಒಂದು ತೋಟ ನಿಂತೇಹೋದದ್ದು ರೋಗದಿಂದಲ್ಲ, ಎರಡು ಕುಂಬಳಕಾಯಿಯಿಂದ.

ಮಡಿಕೇರಿಯಿಂದ, ಮುಂದಿನ ವಾರ:
ಹೋಗಿ ಬಂದೆ. ಅಕ್ಕ ಹೇಳಿದಂತೆ ನನಗೂ ಚರಂಡಿಯೇ ಸಿಕ್ಕಿತು! ಅಂಗೈಯಲ್ಲಿ ಬೊಬ್ಬೆ ಎದ್ದಿದೆ. ಅಲ್ಲಿದ್ದ ಗುದ್ದಲಿಯ ಕಾವು ನನ್ನ ಎತ್ತರಕ್ಕೆ ತೀರಾ ಉದ್ದ. ಗಿಡ್ಡ ಕಾವು ಹಾಕಿಕೊಡುವವರು ಮಡಿಕೇರಿಯಲ್ಲಿ ಎಲ್ಲಿದ್ದಾರೆ?